ಗಾಯ ಕಾಣದ ಹಿಂಸೆ: ಸೂರತ್‌ನ ನಿಕಾಹ್‌ನಾಮಾದಿಂದ ಇಂದಿನವರೆಗೆ

ದಾಂಪತ್ಯದಲ್ಲಿನ ಹಿಂಸೆಯ ದೂರು ಜಮಾಅತ್‌ನ ಮುಂದೆ ಬರಲಿ, ಪೊಲೀಸ್ ಠಾಣೆಗೆ ಹೋಗಲಿ, ಮನೆತನದ ಹಿರಿಯರ ಮುಂದೆ ಇರಲಿ, ಹೆಣ್ಣಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: 'ಹೊಡೆದಿದ್ದಾನಾ?' ಹೌದೆಂದರೆ ಎರಡನೆಯ ಪ್ರಶ್ನೆ: 'ಗಾಯ ಎಲ್ಲಿ?' ತೋರಿಸಲು ಗಾಯವಿಲ್ಲ ಎಂದಾದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನೆನಪಿಸಿ, ಸ್ವಲ್ಪ ತಾಳ್ಮೆಯ ಉಪದೇಶ ಮಾಡಿ, ಆಕೆಯನ್ನು ಅದೇ ಮನೆಗೆ ಮರಳಿ ಕಳುಹಿಸಲಾಗುತ್ತದೆ. ಖರ್ಚಿಗೆ ಹಣ ಕೊಡದಿರುವುದು, ತವರಿಗೆ ಹೋಗಲು ಬಿಡದಿರುವುದು, ಆಕೆಯ ಚಿನ್ನವನ್ನು ಕೇಳದೆ ಅಡವಿಡುವುದು, ದಿನಬೆಳಗಾದರೆ ತಲಾಕ್‌ನ ಬೆದರಿಕೆ ಹಾಕುವುದು - ಇವೆಲ್ಲ 'ಸಂಸಾರದ ತಾಪತ್ರಯ'ಗಳಾಗಿ ಉಳಿದುಬಿಡುತ್ತವೆ.

ಗಾಯವಿಲ್ಲದ ಹಿಂಸೆ ಎಂಬ ಕಲ್ಪನೆಯೇ 2005ರ ಕಾನೂನಿನೊಂದಿಗೆ ಹೊರಗಿನಿಂದ ಬಂದದ್ದು ಎನ್ನುವವರು ನಮ್ಮಲ್ಲಿದ್ದಾರೆ. ಇತ್ತೀಚಿನ ಕಾನೂನುಗಳು ಬರುವ ತನಕ ಮುಸ್ಲಿಮ್ ಹೆಣ್ಣಿಗೆ ಬಾಯಿಯೇ ಇರಲಿಲ್ಲ ಎನ್ನುವವರು ಇನ್ನೊಂದು ಕಡೆಯಲ್ಲಿದ್ದಾರೆ. ಇಬ್ಬರೂ ಹಳೆಯ ಕಾಗದಗಳನ್ನು ಬಿಡಿಸಿ ನೋಡಿದಂತಿಲ್ಲ. ನೋಡಿದರೆ ಬೇರೆಯೇ ಒಂದು ಕತೆ ಸಿಗುತ್ತದೆ.

ಆ ಕತೆಯನ್ನು ಮದೀನಾದಿಂದಲೇ ತೊಡಗಬೇಕು. ಒಂದು ದಿನ ಮುಂಜಾವಿನ ನಮಾಝ್‌ಗೆಂದು ಹೊರಟ ಪ್ರವಾದಿ ಮುಹಮ್ಮದ್(ಸ)ರಿಗೆ ತಮ್ಮ ಮನೆ ಬಾಗಿಲಲ್ಲಿ, ಇನ್ನೂ ಕತ್ತಲಿರುವಾಗಲೇ, ಒಬ್ಬ ಮಹಿಳೆ ನಿಂತಿರುವುದು ಕಾಣಿಸಿತು. ಆಕೆ ಹಬೀಬಾ ಬಿಂತ್ ಸಹ್ಲ್. ಸಾಬಿತ್ ಬಿನ್ ಕೈಸ್‌ರ ಪತ್ನಿ. ಇನ್ನು ಆತನೊಂದಿಗೆ ಬದುಕಲಾರೆ ಎಂಬುದು ಆಕೆಯ ಅಹವಾಲು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಈ ಘಟನೆ ಇದೆ. ಸಾಬಿತ್ ಆಕೆಯನ್ನು ಹೊಡೆದು ಗಾಯಗೊಳಿಸಿದ್ದರೆಂದು ಅಬೂದಾವೂದ್‌ರ ಒಂದು ವರದಿ ಹೇಳುತ್ತದೆ. ಬುಖಾರಿಯ ವರದಿಯಲ್ಲಾದರೋ ಸಾಬಿತ್‌ರ ಪತ್ನಿಗೆ ಗಂಡನ ಧರ್ಮನಿಷ್ಠೆ ಅಥವಾ ನಡತೆಯ ಬಗ್ಗೆ ದೂರೇ ಇಲ್ಲ. ಆತನೊಂದಿಗಿರುವುದು ಸಾಧ್ಯವಿಲ್ಲ ಎಂಬುದಷ್ಟೇ ಇದೆ. ಎರಡೂ ಬಗೆಯ ವರದಿಗಳಲ್ಲಿ ತೀರ್ಪು ಮಾತ್ರ ಒಂದೇ: ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸಿ ಆಕೆ ಬಿಡುಗಡೆ ಹೊಂದಿದರು. ಗಾಯ ತೋರಿಸೆಂಬ ಮಾತು ಎಲ್ಲಿಯೂ ಬರುವುದಿಲ್ಲ. ಮರಳಿ ಹೋಗಿ ಹೊಂದಿಕೊಂಡು ಬಾಳು ಎಂಬ ಮಾತೂ ಇಲ್ಲ.

ಇದಕ್ಕಿಂತಲೂ ನಮ್ಮ ಗಮನ ಸೆಳೆಯುವುದು ಫಾತಿಮಾ ಬಿಂತ್ ಕೈಸ್‌ರ ಪ್ರಸಂಗ. ವಿಚ್ಛೇದಿತೆಯಾಗಿದ್ದ ಅವರಿಗೆ ಇದ್ದತ್ ಮುಗಿದ ಬಳಿಕ ಎರಡು ಕಡೆಗಳಿಂದ ಸಂಬಂಧ ಕೇಳಿ ಬಂತು. ಅವರು ಪ್ರವಾದಿ(ಸ)ರ ಸಲಹೆ ಕೇಳಿದರು. ಒಬ್ಬರ ಬಳಿ ಹಣವಿಲ್ಲ, ಇನ್ನೊಬ್ಬರಾದ ಅಬೂ ಜಹ್ಮ್ ಹೆಗಲ ಮೇಲಿನ ಕೋಲು ಇಳಿಸುವವರಲ್ಲ ಎಂಬ ಉತ್ತರ ಸಿಕ್ಕಿತು. ಕೋಲು ಎಂದರೆ ಸದಾ ಪ್ರಯಾಣ ಎಂದು ಅರ್ಥ ಹೇಳಿದವರೂ ಇದ್ದಾರೆ. ಆದರೆ ಸಹೀಹ್ ಮುಸ್ಲಿಮ್‌ನ ಇನ್ನೊಂದು ವರದಿ ಅವರು ಹೆಂಗಸರನ್ನು ಹೊಡೆಯುವವರೆಂದು ಬಿಡಿಸಿಯೇ ಹೇಳುತ್ತದೆ. ನಮ್ಮಲ್ಲಿ ಸಂಬಂಧ ಕುದುರಿಸುವಾಗ ಹುಡುಗನ ಸಂಬಳ, ಸ್ವಂತ ಮನೆ, ಗಲ್ಫ್‌ನ ವೀಸಾ ಎಲ್ಲವನ್ನೂ ವಿಚಾರಿಸುತ್ತೇವೆ. ಕೈ ಎತ್ತುವ ಸ್ವಭಾವ ಗೊತ್ತಿದ್ದವರು ಕೂಡಾ 'ಒಂದು ಮದುವೆ ತಪ್ಪಿಸಿದ ಪಾಪ ನಮಗೇಕೆ' ಎಂದು ಸುಮ್ಮನಾಗುತ್ತಾರೆ. ಇನ್ನೊಬ್ಬರ ದೋಷ ಆಡಬಾರದೆಂಬ ನಿಯಮಕ್ಕೆ ಮದುವೆಯ ವಿಚಾರಣೆ ಒಂದು ಅಪವಾದವೆಂದು ವಿದ್ವಾಂಸರು ಹೇಳುವುದು ಇದೇ ಹದೀಸ್‌ನ ಆಧಾರದಲ್ಲಿ.

ಹಾಗಾದರೆ ಸೂರಃ ಅನ್ನಿಸಾದ 34ನೇ ಸೂಕ್ತದ ಮಾತೇನು ಎಂದು ಓದುಗರು ಕೇಳಬಹುದು. ಕೇಳಲೇಬೇಕು; ಏಕೆಂದರೆ ಕೈ ಎತ್ತುವವರು ಅದನ್ನೇ ಮುಂದಿಡುತ್ತಾರೆ. ಆ ಸೂಕ್ತದ ವ್ಯಾಖ್ಯಾನದಲ್ಲಿ ಭಿನ್ನಾಭಿಪ್ರಾಯ ಇಂದಿನದ್ದಲ್ಲ. ಬಹುಪಾಲು ಫಿಕ್ಹ್ ವಿದ್ವಾಂಸರು ಹೊಡೆತವನ್ನು ಪೂರ್ತಿ ನಿಷೇಧಿಸಲಿಲ್ಲ. ನೋವಾಗದಂತೆ, ಗುರುತು ಉಳಿಯದಂತೆ ಎಂಬ ಮಿತಿಗಳನ್ನು ಹಾಕಿದರು. ಆದರೆ ಹಿಜರಿ ಎರಡನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಮಕ್ಕಾದ ಮುಫ್ತಿ ಅತಾ ಬಿನ್ ಅಬೀ ರಬಾಹ್, ಹೆಂಡತಿ ಮಾತು ಕೇಳದಿದ್ದರೂ ಗಂಡ ಹೊಡೆಯಬಾರದು, ಸಿಟ್ಟು ತೋರಿಸಬಹುದಷ್ಟೇ ಎಂದಿದ್ದರು. ಆಂದಲೂಸಿಯಾದ ಇಬ್ನುಲ್ ಅರಬಿ ತನ್ನ ಕುರ್‌ಆನ್ ವ್ಯಾಖ್ಯಾನದಲ್ಲಿ ಈ ಅಭಿಪ್ರಾಯವನ್ನು ಮೆಚ್ಚಿ ಉಲ್ಲೇಖಿಸುತ್ತಾರೆ. 'ಗುರುತು ಉಳಿಯದಂತೆ' ಎಂಬ ಮಿತಿಯ ಉದ್ದೇಶ ಹೆಣ್ಣಿನ ರಕ್ಷಣೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕಾಲಕ್ರಮೇಣ ಅದು ತಿರುಗುಬಾಣವಾಯಿತು ಎಂದೇ ನಮ್ಮ ಅನಿಸಿಕೆ. ಗುರುತು ಇಲ್ಲದಿದ್ದರೆ ಅಪರಾಧವೂ ಇಲ್ಲ ಎಂಬ ಲೆಕ್ಕಾಚಾರ ಅಲ್ಲಿಂದ ಬಂತು. ಅದೇ ಕುರ್‌ಆನ್‌ನಲ್ಲಿ ಪತ್ನಿಯರನ್ನು ಪೀಡಿಸುವುದಕ್ಕಾಗಿ ತಡೆದಿಟ್ಟುಕೊಳ್ಳಬೇಡಿರೆಂದೂ (2:231), ಅವರ ಬದುಕನ್ನು ಇಕ್ಕಟ್ಟಾಗಿಸಿ ಕಿರುಕುಳ ಕೊಡಬೇಡಿರೆಂದೂ (65:6), ಒಬ್ಬಳನ್ನು ನೇತಾಡುವ ಸ್ಥಿತಿಯಲ್ಲಿ ಬಿಡಬೇಡಿರೆಂದೂ (4:129) ಇರುವ ಆಜ್ಞೆಗಳು ಪಂಚಾಯಿತಿಗಳಲ್ಲಿ ನೆನಪಾಗುವುದು ಅಪರೂಪ. ಈ ಮೂರರಲ್ಲೂ ಹೊಡೆತದ ಪ್ರಸ್ತಾಪವಿಲ್ಲ ಎಂಬುದನ್ನು ಗಮನಿಸಬೇಕು.

ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದನ್ನು ಪತ್ತೆ ಹಚ್ಚುವುದು ಹೇಗೆ? ಹಳೆಯ ಖಾಝಿಗಳಿಗೂ ಇದು ಕಗ್ಗಂಟಾಗಿತ್ತು. ಹನಫೀ ಮತ್ತು ಮಾಲಿಕೀ ಗ್ರಂಥಗಳು ಸೂಚಿಸುವ ಒಂದು ಉಪಾಯ ಸ್ವಾರಸ್ಯಕರವಾಗಿದೆ. ಗಂಡ ಪೀಡಿಸುತ್ತಾನೆಂದು ಹೆಂಡತಿ ದೂರಿತ್ತರೆ, ಸಾಕ್ಷಿ ಇಲ್ಲದಿದ್ದರೆ, ದಂಪತಿಯನ್ನು ಸಜ್ಜನರಾದ ನೆರೆಹೊರೆಯವರ ನಡುವೆ ವಾಸಕ್ಕಿರಿಸಬೇಕು; ಆಮೇಲೆ ಆ ನೆರೆಯವರನ್ನೇ ವಿಚಾರಿಸಬೇಕು. ಅಂದರೆ ನೆರೆಮನೆಯವರಿಗೆ ಕಿವಿ ಇದೆ, ಅದನ್ನು ಬಳಸುವುದು ಅವರ ಹೊಣೆ ಎಂದಾಯಿತು. 2008ರಲ್ಲಿ 'ಬೆಲ್ ಬಜಾವೋ' ಎಂಬ ಪ್ರಚಾರ ಆಂದೋಲನ ಟಿ.ವಿ.ಯಲ್ಲಿ ಬಂದದ್ದು ಹಲವರಿಗೆ ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದವನು ಹೋಗಿ ಕರೆಗಂಟೆ ಒತ್ತುತ್ತಾನೆ, ಅಷ್ಟೆ. ನಮ್ಮ ಫ್ಲಾಟುಗಳಲ್ಲಿ ಇಂಥ ಸದ್ದು ಕೇಳಿದಾಗ ಹೆಚ್ಚಿನವರು ಮಾಡುವುದು ಟಿ.ವಿ.ಯ ವಾಲ್ಯೂಮ್ ಏರಿಸುವ ಕೆಲಸ!

ಈಗ ಸೂರತ್‌ಗೆ ಬರೋಣ. ಹದಿನೇಳನೇ ಶತಮಾನದ ಮೊದಲಾರ್ಧದಲ್ಲಿ ಸೂರತ್ ಮೊಗಲ್ ಸಾಮ್ರಾಜ್ಯದ ಹೆಬ್ಬಾಗಿಲು. ಹಜ್ ಯಾತ್ರಿಕರು ಹಡಗು ಹತ್ತುತ್ತಿದ್ದ, ಅರಬ್, ಇರಾನಿ, ಇಂಗ್ಲಿಷ್, ಡಚ್ ವ್ಯಾಪಾರಿಗಳು ನೆರೆದಿದ್ದ ಬಂದರು. ಆ ಊರಿನ ಆ ಕಾಲದ ಪರ್ಷಿಯನ್ ದಸ್ತಾವೇಜುಗಳ ಒಂದು ಕಟ್ಟು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯ ಸೇರಿದೆ. ಅದರಲ್ಲಿ ನಿಕಾಹ್‌ನಾಮಾಗಳೂ ಇವೆ. ಅಲೀಗಢದ ಇತಿಹಾಸಕಾರ್ತಿ ಶಿರೀನ್ ಮೂಸ್ವಿ ಇವನ್ನು ಅಧ್ಯಯನ ಮಾಡಿ ಬೆಳಕಿಗೆ ತಂದರು. ಇವು ಅರಮನೆಯ ಕಾಗದಗಳಲ್ಲ, ಬಂದರು ಊರಿನ ಕುಟುಂಬಗಳ ಕಾಗದಗಳು. ಇವುಗಳಲ್ಲಿ ನಾಲ್ಕು ಷರತ್ತುಗಳು ರೂಢಿಯ ಮಾತಿನಂತೆ ಮತ್ತೆ ಮತ್ತೆ ಬರುತ್ತವೆ. ಗಂಡ ಎರಡನೇ ಮದುವೆಯಾಗಬಾರದು. ಜೀವನಾಂಶಕ್ಕೆ ವ್ಯವಸ್ಥೆ ಮಾಡದೆ ಗೊತ್ತಾದ ಅವಧಿಗಿಂತ ಹೆಚ್ಚು ಕಾಲ ಮನೆ ಬಿಟ್ಟು ಹೋಗಬಾರದು. ಹೆಂಡತಿಗೆ ಹೊಡೆತ ಬಡಿತ ಮಾಡಬಾರದು. ದಾಸಿಯನ್ನು ಉಪಪತ್ನಿಯಾಗಿ ಇಟ್ಟುಕೊಳ್ಳಬಾರದು.

ಈ ನಾಲ್ಕನ್ನು ಒಟ್ಟಿಗೆ ಓದಿದಾಗ ಏನು ಕಾಣುತ್ತದೆ? ಹೊಡೆತ ಎಂಬುದು ನಾಲ್ಕರಲ್ಲಿ ಒಂದು ಮಾತ್ರ. ಉಳಿದ ಮೂರಕ್ಕೆ ಮೈಮೇಲೆ ಗುರುತು ಇರುವುದಿಲ್ಲ. ಹೆಣ್ಣನ್ನು ಹಸಿವಿಗೆ ದೂಡುವುದು, ಅವಳ ಕಣ್ಣೆದುರಿಗೇ ಇನ್ನೊಬ್ಬಳನ್ನು ತಂದು ಅವಮಾನಿಸುವುದು ಕೂಡಾ ಹೊಡೆತದ ಸಾಲಿನಲ್ಲೇ ನಿಲ್ಲುತ್ತವೆಂದು ಆ ಕಾಗದ ಬರೆಯಿಸಿದ ಹೆಣ್ಣಿನ ಕಡೆಯವರಿಗೆ ಗೊತ್ತಿತ್ತು. ನಡೆಯದೇ ಇರುವ ಸಂಗತಿಗೆ ಯಾರೂ ಷರತ್ತು ಹಾಕುವುದಿಲ್ಲ. ಆದ್ದರಿಂದ ಈ ಕಾಗದಗಳು ಸೂರತ್‌ನ ಗಂಡಸರ ಒಳ್ಳೆಯತನಕ್ಕೆ ಪುರಾವೆಯಲ್ಲ. ಆ ಊರು ಹಿಂಸೆಯನ್ನು ಗುರುತಿಸಿ, ಹೆಸರಿಟ್ಟು, ಬರೆದಿಡಲು ಕಲಿತಿತ್ತು ಎಂಬುದಕ್ಕೆ ಪುರಾವೆ. ಇಷ್ಟಕ್ಕೂ ನಾಲ್ಕನೇ ಷರತ್ತಿನಲ್ಲಿ ಕಾಣಿಸಿಕೊಳ್ಳುವ ಆ ದಾಸಿಯ ಪರವಾಗಿ ಯಾವ ಕಾಗದವೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಇಂಥ ಷರತ್ತಿನ ರೂಢಿ ದೇಶದ ಉದ್ದಗಲಕ್ಕೂ ಇತ್ತೆಂದು ಹೇಳಲಾಗದು. ಷರತ್ತು ಬರೆಯಿಸಿಕೊಳ್ಳದ ಹೆಣ್ಣಿನ ಗತಿ ಏನಾಗುತ್ತಿತ್ತು ಎಂಬುದಕ್ಕೆ ಬಂಗಾಳದ ಒಂದು ಮೊಕದ್ದಮೆ ಸಿಗುತ್ತದೆ. ಶಂಸುನ್ನಿಸಾ ಬೇಗಂ ಪರ್ದಾದೊಳಗಿದ್ದ ಸ್ಥಿತಿವಂತ ಮಹಿಳೆ. ಗಂಡ ಮುನ್ಶಿ ಬಝ್ಲುರ್ರಹೀಮ್. ತನ್ನ ಹೆಸರಿನಲ್ಲಿದ್ದ ಸರಕಾರಿ ಸಾಲಪತ್ರಗಳನ್ನು ಗಂಡ ಒಳಹಾಕಿದ್ದಾನೆಂದು ಆಕೆ ದಾವೆ ಹೂಡಿದರು. ತನ್ನನ್ನು ಬಿಟ್ಟುಹೋದ ಹೆಂಡತಿ ಮನೆಗೆ ಮರಳಬೇಕೆಂದು ಗಂಡ ದಾವೆ ಹೂಡಿದ. ಎರಡೂ ಲಂಡನ್‌ನ ಪ್ರೀವಿ ಕೌನ್ಸಿಲ್ ತನಕ ಹೋದವು. 1867ರಲ್ಲಿ ತೀರ್ಪು ಬಂತು.

ಹಣದ ವಿಷಯದಲ್ಲಿ ನ್ಯಾಯಾಧೀಶರು ದೃಢವಾಗಿ ಮಾತಾಡಿದರು: ಪರ್ದಾದಲ್ಲಿರುವ ಹೆಣ್ಣಿನಿಂದ ಆಸ್ತಿ ಪಡೆದವನು, ಅದು ಗಂಡನೇ ಆಗಿರಲಿ, ತಾನು ನ್ಯಾಯವಾಗಿ ಪಡೆದೆನೆಂದು ತಾನೇ ಸಾಬೀತುಪಡಿಸಬೇಕು. ಸಂಸಾರದ ವಿಷಯದಲ್ಲಾದರೋ ಅಳತೆಗೋಲು ಬೇರೆ. ಗಂಡನ ಕ್ರೌರ್ಯದಿಂದ ಹೆಂಡತಿಯ ಕ್ಷೇಮಕ್ಕೆ ಅಪಾಯವಿದ್ದರೆ ಆಕೆಯನ್ನು ಮರಳಿ ಒಪ್ಪಿಸಲು ಕೋರ್ಟು ನಿರಾಕರಿಸಬಹುದು ಎಂದರು. ಗಂಡ ತನ್ನ ಹೊಣೆಗಳಲ್ಲಿ ತೀರಾ ತಪ್ಪಿದರೂ ನಿರಾಕರಿಸಬಹುದು ಎಂದರು. ಆದರೆ ಕ್ರೌರ್ಯ ಎಂದರೇನೆಂದು ಬಿಡಿಸುವಾಗ ಅಂದಿನ ಇಂಗ್ಲಿಷ್ ಕಾನೂನಿನ ಅರ್ಥವನ್ನೇ ತಂದರು: ಆರೋಗ್ಯಕ್ಕೆ ಅಥವಾ ಜೀವಕ್ಕೆ ಅಪಾಯ ತರುವಂಥ ನಿಜವಾದ ಹಿಂಸಾಚಾರ, ಇಲ್ಲವೇ ಅದರ ಸಕಾರಣ ಭಯ. ಇಸ್ಲಾಮೀ ಕಾನೂನು ಇದಕ್ಕಿಂತ ಹೆಚ್ಚು ಭಿನ್ನವಾಗಿರಲಾರದು ಎಂಬ ಊಹೆಯನ್ನೂ ಸೇರಿಸಿದರು. ಸೂರತ್‌ನ ಕಾಗದ ಅವರು ನೋಡಿರಲಿಲ್ಲ! ಒಬ್ಬಳೇ ಹೆಣ್ಣು ಅನುಭವಿಸಿದ ಒಂದೇ ಪೀಡೆ ಹೀಗೆ ಎರಡು ಕಡತಗಳಾಗಿ ಹರಿದುಹೋಯಿತು. ಆಸ್ತಿ ಕಸಿದದ್ದು ಆಸ್ತಿಯ ಕಡತಕ್ಕೆ, ಮೈಗಾದ ನೋವು ಸಂಸಾರದ ಕಡತಕ್ಕೆ. ಅವೆರಡೂ ಒಂದೇ ಕ್ರೌರ್ಯದ ಎರಡು ಕೈಗಳು ಎಂದು ಕಾನೂನು ಒಪ್ಪಲು ಇನ್ನೂ 72 ವರ್ಷ ಬೇಕಾಯಿತು.

ಆ 72 ವರ್ಷಗಳ ಕೊನೆಯ ಭಾಗ ಮುಸ್ಲಿಮ್ ಸಮಾಜಕ್ಕೆ ನಾಚಿಕೆಯ ಕಾಲ. ಬ್ರಿಟಿಷ್ ಭಾರತದ ಕೋರ್ಟುಗಳು ಹನಫೀ ಪಂಥದ ನಿಯಮಗಳನ್ನು ಬಿಗಿಯಾಗಿ ಅನ್ವಯಿಸಿದ್ದರಿಂದ, ಗಂಡ ಎಷ್ಟೇ ಪೀಡಿಸಿದರೂ, ಬಿಟ್ಟುಹೋದರೂ ಹೆಣ್ಣು ತಾನಾಗಿ ಬಿಡುಗಡೆ ಪಡೆಯುವುದು ಅಸಾಧ್ಯವೆನ್ನುವಂತಾಯಿತು. ಆದರೆ ಇಸ್ಲಾಮ್ ತೊರೆದರೆ ನಿಕಾಹ್ ರದ್ದಾಗುತ್ತದೆ ಎಂಬ ನಿಯಮವಿತ್ತು. ಪಂಜಾಬ್‌ನಲ್ಲಿ ಹೆಂಗಸರು ಗಂಡನಿಂದ ತಪ್ಪಿಸಿಕೊಳ್ಳಲು ಧರ್ಮವನ್ನೇ ತೊರೆಯತೊಡಗಿದರು. 1929ರ ಜನವರಿಯಲ್ಲಿ ಮದ್ರಾಸಿನಲ್ಲಿ ಉಪನ್ಯಾಸ ನೀಡಿ, ಬೆಂಗಳೂರು, ಮೈಸೂರುಗಳಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯ ಮುಂದೆ ನಿಂತು ಹೋದ ಅಲ್ಲಾಮಾ ಇಕ್ಬಾಲ್, ಮರುವರ್ಷ ಪ್ರಕಟವಾದ ತನ್ನ ಉಪನ್ಯಾಸ ಸಂಕಲನದಲ್ಲಿ ಇದನ್ನು ನೇರವಾಗಿ ಪ್ರಸ್ತಾಪಿಸಿದ್ದಾರೆ. ಧರ್ಮವನ್ನು ಕಾಯಲೆಂದು ಇರುವ ಕಾನೂನೇ ಧರ್ಮದಿಂದ ಹೊರದಬ್ಬುತ್ತಿದ್ದರೆ ಏನೆನ್ನಬೇಕು?

ಪರಿಹಾರ ಹುಡುಕಿದವರು ಯಾರೋ ಸೂಟುಧಾರಿ ಸುಧಾರಕರಲ್ಲ. ದೇವ್‌ಬಂದ್ ಪರಂಪರೆಯ ಕಟ್ಟಾ ಸಂಪ್ರದಾಯಸ್ಥ ಮೌಲಾನಾ ಅಶ್ರಫ್ ಅಲಿ ಥಾನ್ವಿ. ಅವರು ಮದೀನಾದ ಮಾಲಿಕೀ ಮುಫ್ತಿಗಳಿಗೆ ಪತ್ರ ಬರೆದು ಅಭಿಪ್ರಾಯ ತರಿಸಿ, 1931ರಲ್ಲಿ 'ಅಲ್ ಹೀಲತುನ್ನಾಜಿಝಾ' ಎಂಬ ಕೃತಿ ರಚಿಸಿದರು. ಅಸಹಾಯಕ ಪತ್ನಿಗೊಂದು ಫಲಕಾರಿ ಉಪಾಯ ಎಂಬುದು ಅದರ ಪೂರ್ಣ ಶೀರ್ಷಿಕೆಯ ತಾತ್ಪರ್ಯ. ಹನಫೀ ಹೆಣ್ಣಿನ ಬಿಡುಗಡೆಗಾಗಿ ಮಾಲಿಕೀ ನಿಯಮವನ್ನು ಎರವಲು ಪಡೆಯಬಹುದೆಂದು ಅವರು ಒಪ್ಪಿದರು. ಇದರ ಬೆನ್ನಿಗೆ ಕೇಂದ್ರ ಶಾಸನಸಭೆಯ ಸದಸ್ಯ ಖಾಝಿ ಮುಹಮ್ಮದ್ ಅಹ್ಮದ್ ಕಾಝ್ಮಿ 1936ರಲ್ಲಿ ಮಸೂದೆ ತಂದರು. 1939ರ ಮಾರ್ಚ್ 17ರಂದು ಮುಸ್ಲಿಮ್ ವಿವಾಹ ವಿಸರ್ಜನಾ ಕಾಯಿದೆ ಜಾರಿಗೆ ಬಂತು. ಮುಸ್ಲಿಮ್ ನ್ಯಾಯಾಧೀಶರೇ ವಿಚಾರಿಸಬೇಕೆಂಬ ಅಂಶ ಕೈಬಿಟ್ಟದ್ದಕ್ಕೆ ಉಲೆಮಾಗಳು ಬೇಸರಗೊಂಡರು, ಅದು ಬೇರೆ ವಿಷಯ. ಬ್ರಿಟಿಷ್ ಆಡಳಿತದಲ್ಲಿದ್ದ ಧಾರವಾಡ, ಬಿಜಾಪುರ, ಮಂಗಳೂರು, ಬಳ್ಳಾರಿಗಳಿಗೆ ಈ ಕಾಯಿದೆ ಆಗಲೇ ಅನ್ವಯವಾಯಿತು. ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಕಾನೂನು ಬೇರೆಯಾಗಿತ್ತು.

ಈ ಕಾಯಿದೆಯ ಎರಡನೇ ಕಲಮಿನಲ್ಲಿ ಕ್ರೌರ್ಯದ ವಿವರಣೆ ಇದೆ. ನಮ್ಮ ಓದುಗರಲ್ಲಿ ವಕೀಲರಲ್ಲದವರು ಇದನ್ನು ಓದಿರುವ ಸಾಧ್ಯತೆ ಕಡಿಮೆ. ಗಂಡ ಪದೇ ಪದೇ ಹಲ್ಲೆ ಮಾಡಿದರೆ ಅದು ಕ್ರೌರ್ಯ. ದೈಹಿಕ ಹಿಂಸೆ ಇಲ್ಲದಿದ್ದರೂ ತನ್ನ ನಡತೆಯಿಂದ ಆಕೆಯ ಬದುಕನ್ನು ನರಕವಾಗಿಸಿದರೆ ಅದೂ ಕ್ರೌರ್ಯ. ಕೆಟ್ಟ ಹೆಸರಿನ ಹೆಂಗಸರ ಸಹವಾಸ, ಹೆಂಡತಿಯನ್ನೇ ಅನೈತಿಕ ಜೀವನಕ್ಕೆ ಬಲವಂತಪಡಿಸುವುದು, ಆಕೆಯ ಆಸ್ತಿ ಮಾರುವುದು ಅಥವಾ ಆಸ್ತಿಯ ಮೇಲಿನ ಹಕ್ಕು ಚಲಾಯಿಸಲು ಬಿಡದಿರುವುದು, ಆಕೆಯ ಧರ್ಮಾಚರಣೆಗೆ ಅಡ್ಡಿಪಡಿಸುವುದು, ಒಂದಕ್ಕಿಂತ ಹೆಚ್ಚು ಪತ್ನಿಯರಿದ್ದರೆ ಕುರ್‌ಆನ್‌ನ ಆಜ್ಞೆಯಂತೆ ಸಮಾನವಾಗಿ ನಡೆಸಿಕೊಳ್ಳದಿರುವುದು - ಎಲ್ಲವೂ ಅದೇ ಪಟ್ಟಿಯಲ್ಲಿವೆ. ಶಂಸುನ್ನಿಸಾರ ಎರಡು ಕಡತಗಳು ಇಲ್ಲಿ ಒಂದಾದವು. ಅವಳ ಚಿನ್ನ ಮಾರುವುದೂ ಅವಳನ್ನು ಹೊಡೆಯುವುದೂ ಒಂದೇ ಕಲಮಿನೊಳಗೆ ಬಂದವು. ಗೃಹಹಿಂಸೆ ಎಂಬ ಪದ ನಮ್ಮಲ್ಲಿ ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲು, ಹಿಂದೂ ವಿವಾಹ ಕಾಯಿದೆಗೆ 16 ವರ್ಷ ಮುಂಚೆ ಇದಾಗಿತ್ತು!

ಆದರೆ ಆ ಕಾಯಿದೆ ತೋರಿಸಿದ್ದು ಮನೆಯಿಂದ ಹೊರಹೋಗುವ ಬಾಗಿಲನ್ನು ಮಾತ್ರ. ಮದುವೆ ಮುರಿಯದೆ, ಅದೇ ಮನೆಯಲ್ಲಿ ನಿರ್ಭಯವಾಗಿ ಇರುವ ದಾರಿ ಅದರಲ್ಲಿರಲಿಲ್ಲ. ತವರಿನಲ್ಲಿ ಜಾಗವಿಲ್ಲದ, ಮೂರು ಮಕ್ಕಳಿರುವ ಬೀಡಿ ಕಟ್ಟುವ ಹೆಣ್ಣಿಗೆ ವಿಚ್ಛೇದನ ಎಂದರೆ ಬೀದಿ. ಹೀಗಾಗಿ ಆ ಪಟ್ಟಿ ಕಾನೂನಿನ ಪುಸ್ತಕದಲ್ಲೇ ಉಳಿಯಿತು, ಮೊಹಲ್ಲಾಕ್ಕೆ ಇಳಿಯಲಿಲ್ಲ. ಕೋರ್ಟುಗಳಲ್ಲಿ ಆಗಾಗ ಒಂದು ಹೆಜ್ಜೆ ಮುಂದಿಟ್ಟದ್ದಿದೆ. 1960ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಧವನ್, ಎರಡನೇ ಮದುವೆಯಾದ ಗಂಡನೊಬ್ಬ ಮೊದಲ ಹೆಂಡತಿ ಮನೆಗೆ ಬರಬೇಕೆಂದು ಹೂಡಿದ ದಾವೆಯನ್ನು ತಳ್ಳಿಹಾಕಿದರು. ಬದಲಾದ ಕಾಲದಲ್ಲಿ ಸವತಿಯನ್ನು ತರುವುದು ಮೊದಲನೆಯವಳಿಗೆ ಕ್ರೌರ್ಯವೇ. ಅದು ಕ್ರೌರ್ಯವಲ್ಲವೆಂದು ಹೇಳಬೇಕಾದ ಹೊರೆ ಗಂಡನ ಮೇಲಿದೆ ಎಂಬುದು ಅವರ ನಿಲುವು. ಸೂರತ್‌ನ ಮೊದಲನೇ ಷರತ್ತು ಮುನ್ನೂರು ವರ್ಷಗಳ ಬಳಿಕ ಹೈಕೋರ್ಟಿನ ಬಾಯಲ್ಲಿ ಬಂದಂತಾಯಿತು.

1983ರಲ್ಲಿ ದಂಡ ಸಂಹಿತೆಗೆ 498ಎ ಕಲಮು ಸೇರಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಮನೆಯೊಳಗೇ ರಕ್ಷಣೆ ಕೊಡುವ ಕಾನೂನು ಬಂದದ್ದು 2005ರಲ್ಲಿ. ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಎಲ್ಲ ಧರ್ಮದವರಿಗೂ ಅನ್ವಯಿಸುವ ಈ ಕಾನೂನು ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ಹಿಂಸೆಯನ್ನು ನಾಲ್ಕಾಗಿ ಗುರುತಿಸಿತು. ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕನ್ನು ಆಕೆಗೆ ಕೊಟ್ಟಿತು. ತಲಾಕ್ ಆದ ಮೇಲೆ ಈ ಕಾನೂನಿನ ಬಾಗಿಲು ಮುಚ್ಚಿತೆಂದು ವಾದಿಸಿದವರಿದ್ದರು. 2014ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಮುಸ್ಲಿಮ್ ಮಹಿಳೆಯ ಮೊಕದ್ದಮೆಯಲ್ಲೇ ಅದನ್ನು ತಿರಸ್ಕರಿಸಿತು: ಮದುವೆ ಇದ್ದಾಗ ನಡೆದ ಹಿಂಸೆಗೆ, ಮದುವೆ ಮುರಿದ ಬಳಿಕವೂ ಪರಿಹಾರ ಕೇಳಬಹುದು.

ಇಷ್ಟೆಲ್ಲ ಆದ ಮೇಲೂ ನಮ್ಮ ನಾಡಿನ ಸ್ಥಿತಿ ಏನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಇದು ಅತಿ ಹೆಚ್ಚು. ದೇಶದ ಸರಾಸರಿ ಶೇ. 29. ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸಂಖ್ಯೆ ಶೇ. 20ರ ಆಸುಪಾಸಿನಲ್ಲಿತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಬಾಯಿ ಬಿಟ್ಟವರು ಇಮ್ಮಡಿಯಾದರೋ ಎಂಬುದು ಚರ್ಚೆಯ ವಿಷಯ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಶದಲ್ಲಿ ಚರ್ಚೆಗೆ ಜಾಗವಿಲ್ಲ. ಕೆಲವು ಸಂದರ್ಭಗಳಲ್ಲಿ ಹೆಂಡತಿಗೆ ಹೊಡೆಯುವುದು ಸರಿ ಎಂದ ಗಂಡಸರು ಕರ್ನಾಟಕದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು. ಇದು ಮುಸ್ಲಿಮರ ಲೆಕ್ಕವಲ್ಲ, ಹಿಂದೂಗಳ ಲೆಕ್ಕವೂ ಅಲ್ಲ, ಕನ್ನಡ ನಾಡಿನ ಲೆಕ್ಕ. ದೇಶದಾದ್ಯಂತ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ನೂರಕ್ಕೆ 14 ಮಾತ್ರ.

ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಚಿತ್ರ 2004ರಲ್ಲಿ ಬಂತು. ಬಾನು ಮುಷ್ತಾಕ್‌ರ 'ಕರಿ ನಾಗರಗಳು' ಕಥೆ ಅದರ ಮೂಲ. ಗಂಡ ತೊರೆದ ಹೆಣ್ಣೊಬ್ಬಳು ನ್ಯಾಯ ಕೇಳಿ ಮಸೀದಿಯ ಮುತವಲ್ಲಿಯ ಮುಂದೆ ಹೋಗುತ್ತಾಳೆ. ಆಕೆ ಕೇಳುವುದು ಶರೀಅತ್ ಆಕೆಗೆ ಕೊಟ್ಟದ್ದನ್ನೇ, ಸಿಗದಿರುವುದೂ ಅದೇ. ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಂಗಸು ಹತ್ತಿದ ಮೆಟ್ಟಿಲುಗಳ ಬಗ್ಗೆ ನಮ್ಮ ಜಮಾಅತ್‌ಗಳಲ್ಲಿ ಎಷ್ಟು ಮಾತಾಯಿತು ಎಂದು ಕೇಳಿದರೆ ಮುಜುಗರವಾಗುತ್ತದೆ. ಒಂದೇ ಉಸಿರಿನ ಮೂರು ತಲಾಕ್ 2017ರ ತೀರ್ಪು ಮತ್ತು 2019ರ ಕಾನೂನಿನ ಬಳಿಕ ಅಸಿಂಧು. ಆದರೆ ತಲಾಕೂ ಕೊಡದೆ, ಬಾಳಿಸಲೂ ಒಲ್ಲದೆ ನೇತಾಡಿಸುವುದಕ್ಕೆ ಯಾವ ಅಡ್ಡಿಯೂ ಆಗಿಲ್ಲ.

2005ರ ಕಾನೂನಿನಡಿ ದೂರು ಕೊಡುವವರಿಗಾಗಿ ಗೃಹ ಘಟನಾ ವರದಿ ಎಂಬ ಒಂದು ಅಚ್ಚಿನ ನಮೂನೆ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿ ಅದನ್ನು ತುಂಬಿಸಿಕೊಳ್ಳುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 181ಕ್ಕೆ ಫೋನ್ ಮಾಡಬಹುದು. ಆ ನಮೂನೆಯಲ್ಲಿ ಹೊಡೆತ, ಒದೆತಗಳ ಕೆಳಗೆ ಬೇರೆ ಸಾಲುಗಳಿವೆ. ಗಂಡು ಮಗು ಹೆರಲಿಲ್ಲವೆಂದು ಹಂಗಿಸುವುದು. ಕೆಲಸಕ್ಕೆ ಹೋಗಲು ಬಿಡದಿರುವುದು. ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು. ಊಟ, ಬಟ್ಟೆ, ಔಷಧಿಗೆ ಹಣ ಕೊಡದಿರುವುದು. ದುಡಿದ ಸಂಬಳ ಕಸಿದುಕೊಳ್ಳುವುದು. ಆಕೆಯ ಒಡವೆಯನ್ನು ಹೇಳದೆ ಕೇಳದೆ ಮಾರುವುದು, ಅಡವಿಡುವುದು. ಅನ್ವಯವಾಗುವುದರ ಮುಂದೆ ಗುರುತು ಹಾಕಿದರಾಯಿತು. ಯಾವುದಕ್ಕೂ ಗಾಯ ತೋರಿಸಬೇಕಾಗಿಲ್ಲ.